ಸಂತೆಗೆ ಬರೋಕೆ ಪಹಣಿ ಯಾಕೆ?

(ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಶುಭೋದಯದ ಹೂವು, ಮೊಮ್ಮಗನ ಡ್ಯಾನ್ಸ್ ವಿಡಿಯೋ, ಒಂದೇ ಫಾರ್ವರ್ಡು ಮತ್ತೆ ಮತ್ತೆ ಬಂದದ್ದು ಎಲ್ಲ ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ.)

ನಾನು: ಮೈಸೂರಿನಲ್ಲಿ ನಮ್ಮ ಬಡಾವಣೆ ಪಾರ್ಕಿನ ಪಕ್ಕ ಭಾನುವಾರ ರೈತ ಸಂತೆ ಶುರು ಮಾಡುತ್ತಿದ್ದೇವೆ. ಯಾರಿಗೆ ಜಾಗ ಕೊಡಬೇಕು ಅಂತ ಕರಡು ನಿಯಮ ಮಾಡಿದ್ದೇವೆ. ಓದಿ ಹೇಳಿ.

1. ತಾವೇ ಬೆಳೆದದ್ದನ್ನು ಮಾತ್ರ ಮಾರಬೇಕು.
2. ಮಾರುವವರ ಹೆಸರಿನಲ್ಲಿ ಪಹಣಿ (ಜಮೀನಿನ ಸರ್ಕಾರಿ ದಾಖಲೆ), ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಕಡ್ಡಾಯ.
3. ಹಪ್ಪಳ, ಉಪ್ಪಿನಕಾಯಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು.
4. ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಇರಬೇಕು.

ಚಿಕ್ಕಪ್ಪ: 👌 ಚೆನ್ನಾಗಿದೆ. ಎರಡನೆಯದನ್ನು ಮಾತ್ರ ಸಡಿಲ ಮಾಡಬೇಡ. ಇಲ್ಲದಿದ್ದರೆ ಬಂಡಿಪಾಳ್ಯದ ಮಂಡಿಯಲ್ಲಿ ಬೆಳಗಿನ ಜಾವ ಲೋಡ್ ಎತ್ತಿಕೊಂಡು ಬಂದವನೇ ನಿನ್ನ ಸಂತೆಯ ಮೊದಲ ರೈತ.

ಚಿಕ್ಕಪ್ಪ: ನಮ್ಮ ಏರಿಯಾದಲ್ಲೂ ಹೀಗೇ ಒಂದು ಸಂತೆ ಇತ್ತು. ಒಬ್ಬ ಕ್ಯಾರೆಟ್ ಇಟ್ಟಿದ್ದ. ನಾನೇ ಬೆಳೆದದ್ದು ಸಾರ್, ತಿ. ನರಸೀಪುರ ಅಂದ. ಒಂದು ಚೂರು ಮಣ್ಣಿಲ್ಲ, ಮೆಷೀನಿಗೆ ಹಾಕಿ ತೊಳೆದ ಊಟಿ ಕ್ಯಾರೆಟ್. ಪಕ್ಕದಲ್ಲೇ ಸ್ಟಿಕ್ಕರ್ ಕಿತ್ತ ಸೇಬು. ಸೇಬೂ ನರಸೀಪುರದ್ದೇನಪ್ಪಾ ಅಂದೆ, ನಕ್ಕ.

ಪುಟ್ಟಿ: ಅಪ್ಪಾ, ಅವನ ಹತ್ರ ಪಹಣಿ ಇರಲಿಲ್ಲ ಅಂತ ಯಾರು ಹೇಳಿದ್ರು? ಮಂಡಿಯಲ್ಲಿ ವ್ಯಾಪಾರ ಮಾಡುವ ಎಷ್ಟೋ ಜನಕ್ಕೆ ಊರಲ್ಲಿ ಜಮೀನಿದೆ. ಪಹಣಿ ತೋರಿಸ್ತಾರೆ, ಊಟಿ ಕ್ಯಾರೆಟ್ಟೇ ಮಾರ್ತಾರೆ. ನೆಲ ಇದೆ ಅಂತ ಪಹಣಿ ಹೇಳುತ್ತೆ. ಬುಟ್ಟಿಯಲ್ಲಿರೋದು ಆ ನೆಲದ್ದೇ ಅಂತ ಹೇಳುತ್ತಾ?

ಅತ್ತೆ ಮಂಡ್ಯ: ನನಗೆ ಜಾಗ ಇಲ್ಲ ಅಂತಾಯಿತು. ನನ್ನ ಹೆಸರಲ್ಲಿ ಒಂದು ಗುಂಟೆ ನೆಲ ಇಲ್ಲ. ತೋಟ ಇವರ ಹೆಸರಲ್ಲಿದೆ. ನಿಂಬೆಗಿಡಕ್ಕೆ ನೀರು ಬಿಡುವುದು ನಾನು, ಕೀಳುವುದು ನಾನು, ಉಪ್ಪಿನಕಾಯಿ ಹಾಕುವುದೂ ನಾನು.

ಚಿಕ್ಕಪ್ಪ: ನಿಂದು ಬಿಡು, ಭಾವನ ಹೆಸರಲ್ಲಿ ಅರ್ಜಿ ಹಾಕಿದರಾಯಿತು.

ಅತ್ತೆ ಮಂಡ್ಯ: ನಿಮ್ಮ ಭಾವನಿಗೆ ನಿಂಬೆಕಾಯಿ ಕೆಜಿ ಎಷ್ಟು ಅಂತಲೂ ಗೊತ್ತಿಲ್ಲ.

ಪುಟ್ಟಿ: 😂😂

ಅತ್ತೆ ಮಂಡ್ಯ: ಮೂರನೆಯದಕ್ಕೆ ನನ್ನ ತಕರಾರಿಲ್ಲ. ಸಣ್ಣವರಿಗೆ ಬರೀ ನೋಂದಣಿ ಸಾಕು. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. ಆದರೆ ಮೊದಲನೆಯದು ನೋಡಿದರೆ ಉಪ್ಪು, ಸಾಸಿವೆನೂ ನಾನೇ ಬೆಳೆಯಬೇಕಾ?

ನಾನು: ಇಲ್ಲ ಅತ್ತೆ, ಮುಖ್ಯವಾದ ಕಾಯಿ ನಿಮ್ಮದಾದರೆ ಸಾಕು ಅಂತ ಸೇರಿಸುತ್ತೇನೆ. ಹಸಿ ತರಕಾರಿ ತರುವ ರೈತರಿಗೆ ಆ ನೋಂದಣಿ ಬೇಕೇ ಇಲ್ಲ, ಆಹಾರ ಸುರಕ್ಷತಾ ಕಾಯ್ದೆಯೇ ರೈತರನ್ನು ಹೊರಗಿಟ್ಟಿದೆ.

ನಾನು: ಇನ್ನೊಂದು ವಿಷಯ. ನಮ್ಮ ನಂಜನಗೂಡು ಕಡೆಯ ಜಮೀನು ಗುತ್ತಿಗೆಗೆ ಮಾಡುತ್ತಿರುವ ಹೊಲದ ಮನೆಯವರು ಫೋನ್ ಮಾಡಿದ್ದರು. ಬದನೆ, ಹೀರೆ, ಸೊಪ್ಪು ಎಲ್ಲ ಇದೆ, ಬರಲಾ ಅಂತ ಕೇಳಿದರು. ಪಹಣಿ ಅವರ ಹೆಸರಲ್ಲಿಲ್ಲ, ಈ ನಿಯಮದ ಪ್ರಕಾರ ಅವರಿಗೆ ಜಾಗ ಸಿಗೋದಿಲ್ಲ.

(ಇಲ್ಲಿಂದ ದೊಡ್ಡಪ್ಪ ಟೈಪ್ ಮಾಡಲು ಶುರು ಮಾಡಿದರು. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಕಂಡರೆ ನಮ್ಮ ಗುಂಪಿನಲ್ಲಿ ಯಾರೂ ಮಾತಾಡೋದಿಲ್ಲ.)

ದೊಡ್ಡಪ್ಪ: ಅವನಿಗೆ ಪಹಣಿ ಕಾಪಿ ಕೊಡುವ ಮಾತೇ ಇಲ್ಲ. ಅವನ ಹೆಸರಲ್ಲಿ ನಮ್ಮ ಸರ್ವೆ ನಂಬರು ಸೇರಿಸಿ ಯಾವ ಪಟ್ಟಿಯಲ್ಲೂ ಬರೆಯಬಾರದು.

ಪುಟ್ಟಿ: ಯಾಕೆ ದೊಡ್ಡಪ್ಪ? ಬೆಳೆಯುತ್ತಿರುವವರು ಅವರೇ ಅಲ್ವಾ?

ದೊಡ್ಡಪ್ಪ: ನಿನಗೆ ಗೊತ್ತಿಲ್ಲ ಮಗಳೇ. 1974ರಲ್ಲಿ ನಾನು ಹೈಸ್ಕೂಲು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲ. ಗೇಣಿದಾರರು ಫಾರಂ 7 ಹಾಕಿದರು, ಅಂದರೆ ಉಳುವ ನೆಲ ನಮ್ಮ ಹೆಸರಿಗೇ ಮಾಡಿ ಅನ್ನುವ ಅರ್ಜಿ, ನಮ್ಮ ತಾತನ ಗದ್ದೆ ಹೋಯಿತು. ಅವರನ್ನು ತಪ್ಪು ಅನ್ನುವುದಿಲ್ಲ, ಉತ್ತವರು ಅವರೇ. ಆದರೆ ಆಮೇಲೆ ನಮ್ಮ ಊರಲ್ಲಿ ಯಾರೂ ಕಾಗದ ಮಾಡಿ ಜಮೀನು ಕೊಟ್ಟಿಲ್ಲ. ಬಾಯಿ ಮಾತಿನ ಮೇಲೆ ಗುತ್ತಿಗೆ, ಬಾಯಿ ಮಾತಿನ ಮೇಲೆ ಬೆಳೆ ಪಾಲಿನ ವಾರ.

ದೊಡ್ಡಪ್ಪ: ಇನ್ನೂ ಒಂದು. ಗುತ್ತಿಗೆಗೆ ಕೊಡುವುದೇ ಭೂ ಸುಧಾರಣಾ ಕಾಯ್ದೆಗೆ ವಿರುದ್ಧ. ಸೈನಿಕರು, ಹಡಗಿನಲ್ಲಿ ಕೆಲಸ ಮಾಡುವವರು, ಅಂಥವರಿಗೆ ಮಾತ್ರ ವಿನಾಯಿತಿ. ನಾನೇನು ಮಿಲಿಟರಿಯಾ? ಕಾನೂನು ಬೇಡ ಅಂದದ್ದನ್ನು ನಾನೇ ಸಹಿ ಹಾಕಿ ಬರೆದುಕೊಡಲಾ?

ಪುಟ್ಟಿ: ಫಾರಂ 7 ಹಾಕುವ ಕಾಲ ಎಂದೋ ಮುಗಿದಿದೆ. ಈಗ ಯಾರೂ ಬಂದು ಜಮೀನು ಕೇಳೋಕಾಗಲ್ಲ.

ದೊಡ್ಡಪ್ಪ: ಕೋರ್ಟಿಗೆ ಅಲೆಯುವವನು ನಾನು. ನೀನಲ್ಲ.

(ದೊಡ್ಡಪ್ಪನ ಭಯ ಸುಮ್ನೆ ಹುಟ್ಟಿದ್ದಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 12ನೇ ಕಾಲಂ ಇರುವುದೇ ಸಾಗುವಳಿ ಮಾಡುವವರಿಗೆ, ಬೆಳೆಗೆ. ನಮ್ಮ ಕಡೆ ಅಲ್ಲಿ ಗುತ್ತಿಗೆಯವರ ಹೆಸರು ಬರೆಸುವ ಧೈರ್ಯ ಯಾರಿಗೂ ಇಲ್ಲ. ಹೀಗಾಗಿ ಬೆಳೆದವರ ಕೈಯಲ್ಲಿ ಒಂದು ಚೂರೂ ಕಾಗದ ಇಲ್ಲ. ನಾವು ಸಂತೆಯ ಬಾಗಿಲಲ್ಲಿ ಕೂತು ಅದೇ ಕಾಗದ ಕೇಳುತ್ತಿದ್ದೇವೆ.)

ಅಣ್ಣ ಫ್ರೀಮಾಂಟ್: ಈಗ ಎದ್ದೆ. ಎಲ್ಲ ಓದಿದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1977ರಿಂದ ಇಂಥ ಮಾರ್ಕೆಟ್ ಇದೆ. ಬೆಳೆಗಾರ ಅಂದರೆ ಯಾರು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಸ್ವಂತ ನೆಲ ಆಗಬಹುದು, ಬಾಡಿಗೆ, ಗುತ್ತಿಗೆ, ಪಾಲಿಗೆ ಮಾಡಿದ್ದೂ ಆಗಬಹುದು. ಕೌಂಟಿಯ ಕೃಷಿ ಅಧಿಕಾರಿ ಕಚೇರಿಯವರು ಹೊಲಕ್ಕೇ ಬಂದು ನೋಡಿ, ಏನು ಬೆಳೆ, ಎಷ್ಟು ಜಾಗದಲ್ಲಿ ಅಂತ ಬರೆದು ಸರ್ಟಿಫಿಕೇಟ್ ಕೊಡುತ್ತಾರೆ. ಅದನ್ನು ಅಂಗಡಿಯಲ್ಲಿ ಕಾಣುವ ಹಾಗೆ ತೂಗುಹಾಕಬೇಕು. ಅದರಲ್ಲಿಲ್ಲದ ಬೆಳೆ ಮೇಜಿನ ಮೇಲೆ ಕಂಡರೆ ಸಿಕ್ಕಿಬೀಳುತ್ತಾರೆ.

ದೊಡ್ಡಪ್ಪ: ಅಲ್ಲಿಯ ಕಥೆ ಬೇರೆ ಕಣೋ.

ಅಣ್ಣ ಫ್ರೀಮಾಂಟ್: ಕಾನೂನು ಬೇರೆ ಅಪ್ಪಾ, ಒಪ್ಪಿದೆ. ಹೊಲ ನೋಡಿ ಬರೋದಕ್ಕೆ ಇಲ್ಲೂ ಏನೂ ಅಡ್ಡಿ ಇಲ್ಲ ಅಲ್ವಾ?

ಚಿಕ್ಕಪ್ಪ: ಅಮೆರಿಕಕ್ಕೆ ಯಾಕೆ ಹೋಗುತ್ತೀರಿ? ನಾನು ಕೊಯಮತ್ತೂರು ಬ್ರಾಂಚಿನಲ್ಲಿದ್ದಾಗ ಉಳವರ್ ಸಂದೈ, ಅಂದರೆ ತಮಿಳುನಾಡು ಸರ್ಕಾರದ ರೈತ ಸಂತೆ, ನೋಡಿದ್ದೇನೆ. 1999ರಲ್ಲಿ ಮದುರೈಯಲ್ಲಿ ಮೊದಲನೆಯದು ಶುರುವಾಯಿತು. ಆಂಧ್ರದ ರೈತು ಬಜಾರೂ ಅದೇ ವರ್ಷದ್ದು. ತಮಿಳುನಾಡಲ್ಲಿ ಅಧಿಕಾರಿಗಳು ಹೊಲ ನೋಡಿ ಫೋಟೋ ಇರುವ ಗುರುತಿನ ಚೀಟಿ ಕೊಡುತ್ತಿದ್ದರು.

ಪುಟ್ಟಿ: ಹೊಲ ನೋಡಿ!!! ನೀವೇ ಹೇಳಿದ್ರಿ ಅಪ್ಪಾ.

ಚಿಕ್ಕಪ್ಪ: ಅದು ಸರ್ಕಾರ. ಸಂಬಳದ ಜನ ಇದ್ದರು. ಇವನ ಕಮಿಟಿಯಲ್ಲಿ ಯಾರು ಹೋಗುತ್ತಾರೆ? ಪೆಟ್ರೋಲಿಗೆ ದುಡ್ಡು ಯಾರು ಕೊಡುತ್ತಾರೆ? ಪಹಣಿ ಆದರೆ ಮೊಬೈಲಿನಲ್ಲೇ ಕಾಣುತ್ತದೆ.

ನಾನು: ಚಿಕ್ಕಪ್ಪ, ಒಂದು ನಿಮಿಷ. ನಾಳೆ ನೀವೇ ನಮ್ಮ ಜಮೀನಿನ ಸೊಪ್ಪು ತಂದು ಮಾರುತ್ತೇನೆ ಅಂದರೂ ನಿಮಗೂ ಜಾಗ ಇಲ್ಲ. ಪಹಣಿ ಇನ್ನೂ ನಿಮ್ಮ ಅಪ್ಪನ, ಅಂದರೆ ನಮ್ಮ ತಾತನ ಹೆಸರಲ್ಲೇ ಇದೆ.

ಪುಟ್ಟಿ: 🙈

ಚಿಕ್ಕಪ್ಪ: ಇನ್ನೂ ಪೌತಿ ಖಾತೆ ಆಗಿಲ್ವಾ? ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಬೇಕಲ್ಲ? ಅಣ್ಣಾ, ಮಾಡಿಸುತ್ತೇನೆ ಅಂದಿದ್ದೆಯಲ್ಲ?

ದೊಡ್ಡಪ್ಪ: ಎಲ್ಲರ ಆಧಾರ್, ವಂಶವೃಕ್ಷ ಬೇಕು. ನೀನು ಕಳಿಸಿದೆಯಾ?

ಅತ್ತೆ ಮಂಡ್ಯ: ವಂಶವೃಕ್ಷ ಅಂದರೆ ನನ್ನ ಹೆಸರೂ ಬರುತ್ತದೆ ಅಲ್ವಾ ಅಣ್ಣ?

ಚಿಕ್ಕಪ್ಪ: ವಿಷಯ ಸಂತೆಯದು. ಅದನ್ನು ಮಾತಾಡೋಣ.

(ಇಷ್ಟು ಹೊತ್ತು ಪಹಣಿ ಪಹಣಿ ಅಂದವರು ಚಿಕ್ಕಪ್ಪನೇ!)

ನಾನು: ಸರಿ, ಸಂತೆಯದೇ ಮಾತಾಡೋಣ. ಎರಡನೇ ನಿಯಮ ಹೀಗೆ ಮಾಡುತ್ತೇನೆ. "ಸಂತೆಯ ಕಡೆಯಿಂದ ಇಬ್ಬರು ಹೊಲಕ್ಕೆ ಬಂದು ನೋಡುತ್ತಾರೆ. ಏನು ಬೆಳೆ ಇದೆ, ಎಷ್ಟು ಗುಂಟೆ, ಯಾವ ತಿಂಗಳು ಕೊಯ್ಲು ಅಂತ ಬರೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಇಲ್ಲದ ಮಾಲು ಕಂಡರೆ ಆ ವಾರ ಜಾಗ ಖಾಲಿ ಮಾಡಬೇಕು. ಮನೆಯವರಲ್ಲಿ ಯಾರು ಬೇಕಾದರೂ ಮಾರಬಹುದು. ಪಹಣಿ ಬೇಡ." ಪೆಟ್ರೋಲಿಗೆ ಜಾಗದ ಬಾಡಿಗೆಯಲ್ಲಿ ಸ್ವಲ್ಪ ತೆಗೆದಿಡುತ್ತೇವೆ.

ಚಿಕ್ಕಪ್ಪ: ಹೋದಾಗ ಹೊಲದಲ್ಲಿ ಬದನೆ ಇತ್ತು ಸರಿ. ಮೂರು ವಾರಕ್ಕೆ ಕೀಟ ಬಿದ್ದು ಹೋಯಿತು. ಆಮೇಲೆ ಮಂಡಿಯಿಂದ ಬದನೆ ತಂದರೆ ಏನು ಮಾಡುತ್ತೀಯ?

ನಾನು: ಪಹಣಿ ಇಟ್ಟುಕೊಂಡರೂ ಅದು ಗೊತ್ತಾಗೋದಿಲ್ಲ ಚಿಕ್ಕಪ್ಪ. ಅಕ್ಕಪಕ್ಕದ ಹೊಲದವರೂ ಸಂತೆಗೆ ಬರುತ್ತಾರೆ. ಅವರಿಗೆ ಗೊತ್ತಿರುತ್ತದೆ, ಅವರು ಸುಮ್ಮನಿರುವುದಿಲ್ಲ.

ಚಿಕ್ಕಪ್ಪ: ಅದು ನಿಜ. ಪಕ್ಕದ ಹೊಲದವರಿಗಿಂತ ದೊಡ್ಡ ಇನ್‌ಸ್ಪೆಕ್ಟರ್ ಇಲ್ಲ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ದೊಡ್ಡಪ್ಪ: ಸರ್ವೆ ನಂಬರ್ ಬರೆಯುವುದಿಲ್ಲ ತಾನೇ?

ನಾನು: ಇಲ್ಲ ದೊಡ್ಡಪ್ಪ. ಊರು, ಬೆಳೆ, ಬೆಳೆದವರ ಹೆಸರು, ಫೋನ್ ನಂಬರ್. ಅಷ್ಟೇ.

ದೊಡ್ಡಪ್ಪ: ನನ್ನ ಸಹಿ?

ನಾನು: ಅದೂ ಬೇಡ.

ದೊಡ್ಡಪ್ಪ: ಹಾಗಾದರೆ ಬರಲಿ. ಅವನ ತಕ್ಕಡಿ ಹಳೆಯದು. ಮುದ್ರೆ ಹಾಕಿಸಿಕೊಂಡು ಬಾ ಅಂತ ಹೇಳುತ್ತೇನೆ.

ಅತ್ತೆ ಮಂಡ್ಯ: ನನಗೂ ಒಂದು ಜಾಗ ಬರೆದುಕೊ ಮಗಾ. ಅಣ್ಣಂದಿರಾ, ಗೌರಿ ಹಬ್ಬಕ್ಕೆ ಬಾಗಿನ ತರುತ್ತೀರಲ್ಲ, ಆ ವಂಶವೃಕ್ಷದ ಕಾಗದವನ್ನೂ ಜೊತೆಗೆ ತನ್ನಿ.