ಏಳು ದಿನದ ಎನ್ನೆಸ್ಸೆಸ್ ಶಿಬಿರ: ದಲಿತ ಕೇರಿಯ ಜನ ಹೊರಗುಳಿಯದಂತೆ ಯೋಜಿಸುವುದು ಹೇಗೆ?

ಬಯಲುಸೀಮೆ_ಪಿಓ
ನಮ್ಮ ಪದವಿ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರ ಒಂದು ಹಳ್ಳಿಯಲ್ಲಿ, ಮಾರ್ಚ್‌ನಲ್ಲಿ. 50 ಸ್ವಯಂಸೇವಕರು, ವಾಸ ಸರ್ಕಾರಿ ಶಾಲೆಯಲ್ಲಿ. ಊರಿನವರು ಕೊಟ್ಟ ಪಟ್ಟಿ: ಚರಂಡಿ ಸ್ವಚ್ಛತೆ, ಗಿಡ ನೆಡುವುದು, ಸಂಜೆ ಐದಕ್ಕೆ ದೇವಸ್ಥಾನದ ಮುಂದೆ ಸಭೆ. ದಲಿತ ಕೇರಿಯ ಸ್ಥಿತಿ ವಿದ್ಯಾರ್ಥಿಗಳಿಗೆ ನಿಜವಾಗಿ ಅರ್ಥವಾಗಬೇಕು. ಏನು ಬದಲಿಸಲಿ?

ಹಳ್ಳಿ_ನಕ್ಷೆ
ಮೊದಲು ಸಭೆಯ ಜಾಗ ಬದಲಿಸಿ ಸರ್. ದೇವಸ್ಥಾನದ ಮುಂದೆ ಅಂದರೆ ಕೇರಿಯವರು ದೂರ ನಿಲ್ಲುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಶಾಲೆಯ ಮೈದಾನ ಅಥವಾ ಕೇರಿಯ ಅಂಗನವಾಡಿ ಮುಂದೆ ಇಡಿ, ರಾತ್ರಿ ಏಳೂವರೆ ಮೇಲೆ. ಐದಕ್ಕೆ ಕೂಲಿಯವರು ಇನ್ನೂ ಹೊಲದಲ್ಲಿರುತ್ತಾರೆ. ತುಂಬಿದ ಸಭೆಯಲ್ಲಿ ಹೆಂಗಸರು ಶೌಚಾಲಯದ ಮಾತು ಎತ್ತುವುದು ಕಷ್ಟ. ಆಶಾ ಕಾರ್ಯಕರ್ತೆಯ ಜೊತೆ ವಿದ್ಯಾರ್ಥಿನಿಯರು ಬೇರೆಯಾಗಿ ಕೂತು ಕೇಳಲಿ.

ಮೊದಲ ದಿನ ಸಲಿಕೆ ಮುಟ್ಟಬೇಡಿ. ಊರಿನವರ ಕೈಯಲ್ಲೇ ರಂಗೋಲಿ ಪುಡಿಯಿಂದ ಊರ ನಕ್ಷೆ ಬರೆಸಿ: ಬೋರ್‌ವೆಲ್, ನಲ್ಲಿ, ಬೀದಿದೀಪ, ಸ್ಮಶಾನ, ನ್ಯಾಯಬೆಲೆ ಅಂಗಡಿ. ಮೇಲಿನ ಬೀದಿಯಲ್ಲೊಮ್ಮೆ, ಕೇರಿಯಲ್ಲೊಮ್ಮೆ. ಎರಡನ್ನೂ ಹಾಳೆಗೆ ಇಳಿಸಿ ಪಕ್ಕಪಕ್ಕ ಇಟ್ಟರೆ ಸಾಕು, ನಲ್ಲಿ ಎಲ್ಲಿಗೆ ನಿಂತುಹೋಗಿದೆ ಅಂತ ವಿದ್ಯಾರ್ಥಿಗಳೇ ಕೇಳುತ್ತಾರೆ.

ಲೆವೆಲ್_ಪೈಪು
ಚರಂಡಿ ಕೆಲಸದಲ್ಲೇ ಹೆಚ್ಚು ಎಡವಟ್ಟು. ಮೇಲಿನ ಬೀದಿಯ ಹೂಳು ತೆಗೆದು ತುದಿ ಹಾಗೇ ಬಿಟ್ಟರೆ ಕೊಳಚೆಯೆಲ್ಲ ತಗ್ಗಿನ ಮನೆಗಳ ಮುಂದೆ ನಿಲ್ಲುತ್ತದೆ. ಎಷ್ಟೋ ಊರುಗಳಲ್ಲಿ ಆ ತಗ್ಗೇ ಕೇರಿ. ಅದಕ್ಕೇ ಕೆಳಗಿನ ತುದಿಯಿಂದ ಶುರುಮಾಡಿ. ಗಾರೆಯವರು ಬಳಸುವ ನೀರು ತುಂಬಿದ ಪೈಪಿನಲ್ಲಿ ಮಟ್ಟ ನೋಡಿ. 10 ಮೀಟರಿಗೆ 10 ಸೆಂ.ಮೀ. ಇಳಿಜಾರಿದ್ದರೆ ನೀರು ಚೆನ್ನಾಗಿ ಹರಿಯುತ್ತದೆ. ಹೂಳು ದಡದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಮತ್ತೆ ಒಳಗೆ ಬೀಳುತ್ತದೆ, ಟ್ರ್ಯಾಕ್ಟರ್ ಮೊದಲೇ ಹೇಳಿಡಿ. ಶೌಚದ ನೀರು ಸೇರುವ ಚರಂಡಿಗೆ ಮಾತ್ರ ವಿದ್ಯಾರ್ಥಿಯನ್ನಾಗಲಿ ಊರಿನ ಕೂಲಿಯವರನ್ನಾಗಲಿ ಇಳಿಸಲೇಬೇಡಿ.

ಮಾರ್ಚ್‌ನಲ್ಲಿ ಗಿಡ ನೆಟ್ಟರೆ ಒಣಗುತ್ತವೆ. ಗುಂಡಿ ತೋಡಿಡಿ, ಜೂನ್‌ನಲ್ಲಿ ನೆಡಿ.

ಅಡುಗೆ_ಲೆಕ್ಕ
50 ಜನಕ್ಕೆ ದಿನಕ್ಕೆರಡು ಊಟ ಅಂದರೆ ಅಕ್ಕಿ 10–12 ಕೆ.ಜಿ., ಬೇಳೆ 4 ಕೆ.ಜಿ. ಹಿಡಿಯಿರಿ. ಅದಕ್ಕಿಂತ ಮುಖ್ಯ, ಅಡುಗೆಗೆ ಕೇರಿಯ ಹೆಂಗಸರನ್ನೂ ಕೂಲಿ ಕೊಟ್ಟು ಕರೆಯಿರಿ, ಎಲ್ಲರಿಗೂ ಒಂದೇ ಪಂಕ್ತಿ. ಇದನ್ನು ಪೂರ್ವಭಾವಿ ಸಭೆಯಲ್ಲೇ ಹೇಳಿಬಿಡಿ. ಯಾರಾದರೂ ತಕರಾರು ತೆಗೆದರೆ ಅಡುಗೆಯವರನ್ನು ಬದಲಿಸಬೇಡಿ.

ಬಯಲುಸೀಮೆ_ಪಿಓ
ಮನೆಮನೆ ಸಮೀಕ್ಷೆ ಬೇಕೇ?

ಹಳ್ಳಿ_ನಕ್ಷೆ
ಫಲಿತಾಂಶ ಊರಿಗೆ ಓದಿ ಹೇಳುವುದಾದರೆ ಮಾತ್ರ. ಪಿಂಚಣಿ, ಪಡಿತರ ಚೀಟಿ ಸಿಗದವರ ಪಟ್ಟಿ ಮಾಡಿ, ಅವರದೇ ಸಹಿಯಿರುವ ಅರ್ಜಿಗಳನ್ನು ಆರನೇ ದಿನ ಸಂಬಂಧಪಟ್ಟ ಕಚೇರಿಗೆ ಕೊಡಿಸಿ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಅರ್ಜಿದಾರರ ಕೈಯಲ್ಲಿರಲಿ, ಕಾಲೇಜಿನ ಫೈಲಿಗೆ ಜೆರಾಕ್ಸ್ ಸಾಕು.