ಮೇಲ್ಮಣ್ಣಿಗೆ ಒಂದು ಬಕೆಟ್ ಸಾಕಾ, ಎರಡು ಬೇಕಾ?

ಪ್ರಶ್ನೆ: ಸಣ್ಣ ಜಲಾನಯನವೊಂದಕ್ಕೆ ಮಳೆ-ಹರಿವಿನ ಮಾದರಿ (ಮಳೆಯಿಂದ ಹೊಳೆಯ ಹರಿವು ಲೆಕ್ಕ ಹಾಕುವುದು) ಮಾಡುತ್ತಿದ್ದೇನೆ. ಕೈಯಲ್ಲಿರುವುದು ದಿನದ ಮಳೆ, ದಿನದ ಹರಿವು, ಅಷ್ಟೇ. ಮೇಲ್ಪದರದ ಮಣ್ಣಿನ ನೀರನ್ನು ಒಂದೇ ಬಕೆಟ್‌ನಲ್ಲಿ (ಮಾದರಿಯಲ್ಲಿ ನೀರಿನ ಲೆಕ್ಕ ಇಡುವ ಕಾಲ್ಪನಿಕ ಪಾತ್ರೆ) ಇಡಲಾ, ಇಲ್ಲ ಎರಡು ಮಾಡಲಾ? ಮಾಡಿ ನೋಡಿದವರು ಹೇಳಿ.

ಉತ್ತರ 1: ಒಂದರಿಂದಲೇ ಶುರು ಮಾಡಿ. ಆದರೆ ತುಂಬಿದ ಮೇಲಷ್ಟೇ ಚೆಲ್ಲುವ ಬಕೆಟ್ ಬೇಡ. 1969ರಲ್ಲಿ ವಿಜ್ಞಾನಿ ಮನಾಬೆ ಹವಾಮಾನ ಮಾದರಿಯಲ್ಲಿ ಬಳಸಿದ್ದು ಅಂಥದ್ದು, ಎಲ್ಲ ಕಡೆ 15 ಸೆಂ.ಮೀ. ನೀರು ಹಿಡಿಯುವಂಥದ್ದು. ಸಣ್ಣ ಹೊಳೆಗೆ ಅದು ತೀರಾ ಒರಟು. ಎಚ್‌ಬಿವಿ ಅನ್ನುವ ಮಳೆ-ಹರಿವಿನ ಮಾದರಿ ನೋಡಿ. ಅದರಲ್ಲಿ ಬಕೆಟ್ ತುಂಬುತ್ತಾ ಹೋದಂತೆ ಕೆಳಗಿಳಿದು ಹೊಳೆಯತ್ತ ಹೋಗುವ ಮಳೆಯ ಪಾಲೂ ಏರುತ್ತದೆ. ಎಷ್ಟು ಚುರುಕಾಗಿ ಏರಬೇಕು ಅನ್ನುವುದನ್ನು ಬೀಟಾ ಅನ್ನುವ ಸಂಖ್ಯೆ ಹೇಳುತ್ತದೆ. ಬಕೆಟ್ ಅರ್ಧ ತುಂಬಿದ್ದು ಬೀಟಾ 2 ಆಗಿದ್ದರೆ ಮಳೆಯ ಕಾಲು ಭಾಗ ಇಳಿಯುತ್ತದೆ. 4 ಆದರೆ ಹದಿನಾರರಲ್ಲಿ ಒಂದು ಪಾಲು ಮಾತ್ರ. ಒಣಗಾಲ ಕಳೆದ ಮೇಲೆ ಮೊದಲ ಮಳೆಗಳಿಗೆ ಹೊಳೆ ಏಳುವುದೇ ಇಲ್ಲ, ಅಲ್ವಾ? ನನ್ನ ಮಾದರಿಯಲ್ಲಿ ಅದು ಸರಿಹೋಗಿದ್ದು ಇಷ್ಟರಿಂದಲೇ.

ಉತ್ತರ 2: ನಾನು ಸ್ಯಾಕ್ರಮೆಂಟೊ ಮಾದರಿಯ ಥರ ಎರಡು ಮಾಡಿದ್ದೆ. ಮಣ್ಣಿನ ಕಣಗಳು ಬಿಗಿಯಾಗಿ ಹಿಡಿದ ನೀರು ಒಂದರಲ್ಲಿ, ಅದು ಆವಿಯಾಗಿ ಮಾತ್ರ ಹೋಗುತ್ತದೆ. ಇನ್ನೊಂದರಲ್ಲಿರುವುದು ಕಣಗಳು ಹಿಡಿದಿಡದ ಬಿಡಿ ನೀರು, ಪಕ್ಕಕ್ಕೆ ಹರಿಯುತ್ತದೆ, ಕೆಳಗೂ ಬಸಿಯುತ್ತದೆ. ಮೊದಲು ಬಿಗಿ ನೀರಿನ ಪಾಲು ತುಂಬಬೇಕು, ಆಮೇಲೆ ಎರಡನೆಯದು. ಮಣ್ಣಿನ ಭೌತಶಾಸ್ತ್ರಕ್ಕೆ ಇದು ಹತ್ತಿರ, ನಿಜ. ತೊಡಕು ಡೇಟಾದ್ದು. ಬಿಡಿ ನೀರು ಎಷ್ಟೋ ಸಲ ದಿನದೊಳಗೇ ಬಸಿದುಹೋಗುತ್ತದೆ. ದಿನಕ್ಕೊಂದು ಅಳತೆಗೆ ಅದು ಕಾಣುವುದೇ ಇಲ್ಲ. ಒಂದು ಬಕೆಟ್ ದೊಡ್ಡದು ಮಾಡಿ ಇನ್ನೊಂದನ್ನು ಕುಗ್ಗಿಸಿದರೂ ಫಲಿತಾಂಶ ಹೆಚ್ಚುಕಡಿಮೆ ಅದೇ ಬರುತ್ತಿತ್ತು. ಅನುಮಾನವಿದ್ದರೆ ಪ್ಯಾರಾಮೀಟರ್‌ಗಳಿಗೆ (ಬಕೆಟ್ ಗಾತ್ರ, ಬೀಟಾದಂಥ ಸಂಖ್ಯೆಗಳಿಗೆ) ಸುಮ್ನೆ ಬೇರೆಬೇರೆ ಬೆಲೆ ಕೊಟ್ಟು ಸಾವಿರಾರು ಸಲ ಓಡಿಸಿ, ಅಳೆದ ಹರಿವಿಗೆ ಚೆನ್ನಾಗಿ ಹೊಂದಿದವನ್ನು ಮಾತ್ರ ಇಟ್ಟುಕೊಳ್ಳಿ. ಅವುಗಳಲ್ಲೂ ಒಂದು ಪ್ಯಾರಾಮೀಟರ್ ಆ ತುದಿಯಿಂದ ಈ ತುದಿವರೆಗೆ ಚದುರಿದ್ದರೆ, ನಿಮ್ಮ ಡೇಟಾಗೆ ಅದರ ಸುಳಿವಿಲ್ಲ ಅಂತ ಅರ್ಥ. ಗಂಟೆಗಂಟೆಯ ಅಳತೆ ಸಿಕ್ಕಾಗ ಎರಡನೇ ಬಕೆಟ್ ಯೋಚಿಸಿ.

ಉತ್ತರ 3: ಒಂದು ಪ್ಯಾರಾಮೀಟರ್ ಜಾಸ್ತಿ ಮಾಡಲೇಬೇಕೆಂದರೆ ವಿಐಸಿ ಅನ್ನುವ ಮಾದರಿಯಲ್ಲಿರುವ ವಕ್ರರೇಖೆಗೆ ಕೊಡಿ. ಜಲಾನಯನದಲ್ಲಿ ಎಲ್ಲ ಕಡೆ ಒಂದೇ ಆಳದ ಮಣ್ಣಿರುವುದಿಲ್ಲ. ತೆಳು ಮಣ್ಣು ಬೇಗ ತುಂಬಿ ಚೆಲ್ಲುತ್ತದೆ, ಆ ರೇಖೆ ಅದನ್ನೇ ಹೇಳುತ್ತದೆ. ಇನ್ನೊಂದು ವಿಷಯ, ಬಕೆಟ್ ನೀರನ್ನು ಉಪಗ್ರಹದ ಅಳತೆ ಜೊತೆ ಹೋಲಿಸುವುದಾದರೆ. ಎಸ್‌ಎಂಎಪಿ ಉಪಗ್ರಹ ಅಳೆಯುವುದು ಮೇಲಿನ ಸುಮಾರು 5 ಸೆಂ.ಮೀ. ಮಣ್ಣಿನ ತೇವ. ನಿಮ್ಮ ಬಕೆಟ್ ಇಡೀ ಬೇರಿನ ಆಳದ್ದು. ಏರಿಳಿತ ಹೋಲಿಸಿ, ಮಿಲಿಮೀಟರ್ ಲೆಕ್ಕ ಹೋಲಿಸಬೇಡಿ.

ಉತ್ತರ 2 ಬರೆದವರು ಮತ್ತೆ: ಹೌದು. ಬಕೆಟ್ ಗಾತ್ರಕ್ಕೆ ಒಣಗಾಲವನ್ನೂ ನೋಡಿ. ತೀರಾ ಚಿಕ್ಕದಾದರೆ ಮಾದರಿಯಲ್ಲಿ ಆವಿಯಾಗುವುದು ಬೇಗ ನಿಂತುಹೋಗುತ್ತದೆ, ವರ್ಷದ ಹರಿವು ಅಳತೆಗಿಂತ ಜಾಸ್ತಿ ಬರುತ್ತದೆ.