ಹಾಸ್ಟೆಲ್‌ಗೆ ಫೈಬರ್ ಎಳೆಸಿದರೆ ನೆಟ್ ಸರಿಹೋಗುತ್ತದಾ?

ಬಿ ಬ್ಲಾಕ್ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹೊರವಲಯದ ಒಂದು ಕ್ಯಾಂಪಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ 240 ಜನ ಇದ್ದೇವೆ. ರಾತ್ರಿ ಎಂಟು ಹೊಡೆದರೆ ನೆಟ್ ತೆವಳುತ್ತದೆ. ಮೊನ್ನೆ 180 ಎಂಬಿ ಪ್ರಾಜೆಕ್ಟ್ ಫೈಲ್ ಕಳಿಸಲು ಕೂತೆ, ಎರಡು ಸಲ ಅರ್ಧಕ್ಕೆ ನಿಂತಿತು, ಕೊನೆಗೆ ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ ಇಟ್ಟು ಎದ್ದು ಕಳಿಸಿದೆ. ಆಗ ಎರಡೇ ನಿಮಿಷದಲ್ಲಿ ಹೋಯಿತು.

ಕ್ಯಾಂಪಸ್‌ಗೆ 300 ಎಂಬಿಪಿಎಸ್ ಲೀಸ್ಡ್ ಲೈನ್ (ಕ್ಯಾಂಪಸ್‌ಗೇ ಮೀಸಲಾದ ಇಂಟರ್ನೆಟ್ ಲೈನ್) ಇದೆ, ಅದನ್ನು 1 ಜಿಬಿಪಿಎಸ್ ಮಾಡಿಸುತ್ತೇವೆ ಅಂತ ಆಫೀಸಿನವರು ಹೇಳುತ್ತಿದ್ದಾರೆ. ಲ್ಯಾಬ್ ಅಸಿಸ್ಟೆಂಟ್ ಮಾತ್ರ ಮೊದಲು ಹಾಸ್ಟೆಲ್‌ಗೆ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್, ಎಳೆಸಿ ಎನ್ನುತ್ತಾರೆ. ಸರ್ವರ್ ರೂಮಿನಿಂದ ನಮಗೆ ಸುಮಾರು 350 ಮೀಟರ್. ಕ್ಯಾಂಟೀನ್ ಹಿಂದೆ, ಲೈಬ್ರರಿ ಮೆಟ್ಟಿಲ ಕೆಳಗೆ, ಪಂಪ್‌ಹೌಸ್‌ನಲ್ಲಿ ಒಂದೊಂದು ನೆಟ್‌ವರ್ಕ್ ಸ್ವಿಚ್ ಇಟ್ಟು ತಾಮ್ರದ ಲ್ಯಾನ್ ಕೇಬಲ್‌ನಲ್ಲೇ ತಂದಿದ್ದಾರೆ. ಮುಂದಿನ ವಾರ ವಿದ್ಯಾರ್ಥಿಗಳ ಮನವಿ ಕೊಡಬೇಕು. ಯಾವುದನ್ನು ಕೇಳಲಿ?

ಕೇಬಲ್ ಅಣ್ಣ

ತಮ್ಮಾ, ಮನವಿ ಬರೆಯುವ ಮುಂಚೆ ಅಳತೆ ಮಾಡು. ನಾನು ದಾವಣಗೆರೆ, ಹರಿಹರದ ಕಡೆ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆಯವರಿಗೆ ಭದ್ರಾ ನಾಲೆ ಗೊತ್ತಲ್ವಾ, ನಾಲೆ ತುಂಬಿ ಹರಿದರೂ ತೂಬು ಚಿಕ್ಕದಿದ್ದರೆ ಗದ್ದೆಗೆ ಬರುವ ನೀರು ಅಷ್ಟೇ. ನಿಮ್ಮ ತೂಬು ಎಲ್ಲಿದೆ ಅಂತ ಮೊದಲು ನೋಡಬೇಕು.

ಸರ್ವರ್ ರೂಮಿನ ಪಕ್ಕದ ಲ್ಯಾಬ್‌ನಲ್ಲಿ ಲ್ಯಾಪ್‌ಟಾಪ್‌ಗೆ ವೈರ್ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡು. ಅಲ್ಲಿ ಬರುವುದು ಹೊರಗಿನ ಲೈನ್. ಆಮೇಲೆ ಸರ್ವರ್ ರೂಮಿನ ಒಂದು ಪಿಸಿಯಲ್ಲಿ ಐಪರ್ಫ್ (ಎರಡು ಕಂಪ್ಯೂಟರ್ ನಡುವಿನ ಸ್ಪೀಡ್ ಅಳೆಯುವ ಸಾಫ್ಟ್‌ವೇರ್) ಓಡಿಸಿ, ಹಾಸ್ಟೆಲ್ ಸ್ವಿಚ್‌ನಿಂದ ಅದಕ್ಕೆ ಟೆಸ್ಟ್ ಹಾಕು. ಅದು ಒಳಗಿನ ದಾರಿ. ವೈಫೈನಲ್ಲಿ ಮಾಡಬೇಡ, ವೈರ್‌ನಲ್ಲೇ ಮಾಡು.

ದುರ್ಗದ ಫಿಸಿಕ್ಸ್ ಮೇಷ್ಟ್ರು

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ, ಅದನ್ನು ಹೇಳಿಬಿಡುತ್ತೇನೆ. ಫೈಬರ್‌ನಲ್ಲಿ ಬೆಳಕು ಓಡುವುದರಿಂದ ಸ್ಪೀಡ್ ಜಾಸ್ತಿ ಎನ್ನುತ್ತಾರೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ತಾಮ್ರದ ಕೇಬಲ್‌ನಲ್ಲಿ ಸಿಗ್ನಲ್ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ. ವ್ಯತ್ಯಾಸ ಇರುವುದು ಒಂದು ಸೆಕೆಂಡಿನಲ್ಲಿ ಎಷ್ಟು ಡೇಟಾ ತುಂಬಬಹುದು, ಅದು ಕೆಡದೆ ಎಷ್ಟು ದೂರ ಹೋಗುತ್ತದೆ ಎನ್ನುವುದರಲ್ಲಿ. ತಾಮ್ರದಲ್ಲಿ ಫ್ರೀಕ್ವೆನ್ಸಿ ಏರಿಸಿದಷ್ಟೂ ಸಿಗ್ನಲ್ ಬೇಗ ಕುಗ್ಗುತ್ತದೆ, ಪಕ್ಕದ ತಂತಿ ಜೋಡಿಗಳ ಗದ್ದಲವೂ ಸೇರಿಕೊಳ್ಳುತ್ತದೆ. ಅದಕ್ಕೇ ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ.

ಗಾಜಿನ ಕಥೆ ಬೇರೆ. ಗಾಜಿನ ಕೊಳೆಯನ್ನು ತೆಗೆದರೆ ಬೆಳಕು ದೂರ ಹೋಗುತ್ತದೆ ಅಂತ ಚಾರ್ಲ್ಸ್ ಕಾವ್ 1966ರಲ್ಲೇ ತೋರಿಸಿದ್ದರು. ಆ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು. 1970ರಲ್ಲಿ ಕಾರ್ನಿಂಗ್ ಕಂಪನಿ ಮಾಡಿದ ಫೈಬರ್‌ನಲ್ಲಿ ಕಿಲೋಮೀಟರ್‌ಗೆ 20 ಡೆಸಿಬಲ್‌ಗಿಂತ ಕಡಿಮೆ ನಷ್ಟ. 20 ಎಂದರೆ ಒಂದು ಕಿ.ಮೀ. ದಾಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ, ಆಗ ಅದೇ ದೊಡ್ಡ ಸಾಧನೆ. ಈಗಿನ ಸಿಂಗಲ್ ಮೋಡ್ ಫೈಬರ್‌ನಲ್ಲಿ (ಬೆಳಕು ಒಂದೇ ದಾರಿಯಲ್ಲಿ ಹೋಗುವ ಸಪೂರ ನಡುಭಾಗದ ಫೈಬರ್) ನಷ್ಟ ಕಿಲೋಮೀಟರ್‌ಗೆ ಸುಮಾರು 0.35 ಡೆಸಿಬಲ್. ದಾವಣಗೆರೆಯಿಂದ ಹರಿಹರಕ್ಕೆ ಎಳೆದರೂ ಮೂರರಲ್ಲಿ ಒಂದು ಪಾಲು ಬೆಳಕು ತಲುಪುತ್ತದೆ. ನಿಮ್ಮ 350 ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಮಧ್ಯೆ ಯಾವ ಸ್ವಿಚ್ಚೂ ಬೇಕಿಲ್ಲ.

ಬಿ ಬ್ಲಾಕ್ ಹುಡುಗ

ಅಣ್ಣಾ, ನಿನ್ನೆ ರಾತ್ರಿ ಒಂಬತ್ತಕ್ಕೆ ಟೆಸ್ಟ್ ಮಾಡಿದೆವು. ಲ್ಯಾಬ್‌ನಲ್ಲಿ 190 ಬಂತು. ಅಂದರೆ ಹಾಸ್ಟೆಲ್ ಫುಲ್ ಇದ್ದ ಹೊತ್ತಿನಲ್ಲೂ ಹೊರಗಿನ ಲೈನ್ ಖಾಲಿ ಇದೆ! ಹಾಸ್ಟೆಲ್‌ನಿಂದ ಐಪರ್ಫ್ ಹಾಕಿದರೆ ಬರೀ 11. ಬೆಳಿಗ್ಗೆ ಐದಕ್ಕೆ ಮತ್ತೆ ಹಾಕಿದೆ, ಆಗ 94. ಅದರ ಮೇಲೆ ಹೋಗುತ್ತಲೇ ಇಲ್ಲ.

ಕೇಬಲ್ ಅಣ್ಣ

94 ಅಂದರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಹಳೇ ಸ್ವಿಚ್ ಇದೆ, ಇಲ್ಲ ಕೇಬಲ್‌ನ ಒಂದು ಜೋಡಿ ಕಿತ್ತಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು, ಹಾಗಾಗಿ ಅದು ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತದೆ. 240 ಜನ ಆ 100ನ್ನು ಹಂಚಿಕೊಳ್ಳುತ್ತಿದ್ದೀರಿ. ಹೊರಗೆ 1 ಜಿಬಿಪಿಎಸ್ ಅಲ್ಲ, 10 ತಂದರೂ ನಿಮಗೆ ಬರುವುದು ಇಷ್ಟೇ. ಇದನ್ನೇ ಮನವಿಯಲ್ಲಿ ಬರೆಯಿರಿ, ಮೂರೂ ಅಂಕಿಗಳ ಸಮೇತ.

ಕೇಳುವಾಗ ಸಿಂಗಲ್ ಮೋಡ್ ಅಂತಲೇ ಕೇಳಿ. ಎರಡೂ ತುದಿಗೆ ಎಸ್‌ಎಫ್‌ಪಿ ಸ್ಲಾಟ್ (ಫೈಬರ್ ಮಾಡ್ಯೂಲ್ ಕೂರಿಸುವ ಜಾಗ) ಇರುವ ಸ್ವಿಚ್ ಬೇಕು. ಈಗ 1 ಜಿಬಿಪಿಎಸ್ ಮಾಡ್ಯೂಲ್ ಹಾಕಿಸಿ, ನಾಳೆ 10 ಬೇಕಾದರೆ ಮಾಡ್ಯೂಲ್ ಮತ್ತು ಸ್ವಿಚ್ ಬದಲಿಸಿದರೆ ಆಯಿತು, ನೆಲದೊಳಗಿನ ಗಾಜು ಅದೇ ಇರುತ್ತದೆ. ಎರಡು ಕೋರ್ (ಗಾಜಿನ ಎಳೆ) ಸಾಕು ಅಂತ ಉಳಿಸಲು ಹೋಗಬೇಡಿ, 12 ಕೋರ್ ಹಾಕಿಸಿ. ಖರ್ಚು ಜಾಸ್ತಿ ಆಗುವುದು ಗುಂಡಿ ತೋಡಲು, ಕೇಬಲ್‌ಗಲ್ಲ. ನಮ್ಮ ಕಡೆ ಎರೆ ಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಹಾಗಾಗಿ ಕೇಬಲ್ ಅನ್ನು ಪೈಪ್ ಒಳಗೇ ಬಿಡಬೇಕು. ಮೇಲೆ ಎಚ್ಚರಿಕೆ ಟೇಪ್ ಹಾಸದಿದ್ದರೆ ಮುಂದೆ ಯಾರದೋ ಜೆಸಿಬಿಗೆ ಸಿಗುತ್ತದೆ.

ಸ್ಪ್ಲೈಸಿಂಗ್, ಅಂದರೆ ಎರಡು ಗಾಜಿನ ಎಳೆಗಳ ಬೆಸುಗೆ, ಮಾಡುವಾಗ ಹತ್ತಿರ ನಿಂತು ನೋಡು, ಕಲಿಯುತ್ತೀಯ. ಮೇಲಿನ ಲೇಪ ಸುಲಿದು, ಆಲ್ಕೋಹಾಲ್‌ನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ತುದಿ ಕತ್ತರಿಸುತ್ತಾರೆ. ಗಾಜು 125 ಮೈಕ್ರಾನ್, ಹೆಚ್ಚುಕಡಿಮೆ ತಲೆಕೂದಲು. ಬೆಳಕು ಓಡುವ ನಡುಭಾಗ ಅದರಲ್ಲಿ ಬರೀ 9 ಮೈಕ್ರಾನ್. ಮೆಷಿನ್ ಎರಡೂ ತುದಿಯನ್ನು ಎದುರುಬದುರು ತಂದು ಚಿಟ್ ಅಂತ ಒಂದು ಕಿಡಿ ಹಾರಿಸಿ ಬೆಸೆಯುತ್ತದೆ, ಸ್ಕ್ರೀನ್ ಮೇಲೆ ನಷ್ಟ ತೋರಿಸುತ್ತದೆ. 0.02, 0.03 ಡೆಸಿಬಲ್ ಬಂದರೆ ಚೆನ್ನಾಗಿದೆ. ಕತ್ತರಿಸಿದ ಚೂರುಗಳನ್ನು ಬರಿಗೈಲಿ ಮುಟ್ಟಬೇಡ, ಚರ್ಮಕ್ಕೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ.

ಕೋಟೆ ಕೆಳಗಿನವಳು, ಚಿತ್ರದುರ್ಗ

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಸಿಸ್ಟಂ ನೋಡಿಕೊಳ್ಳುತ್ತೇನೆ. ಸಿಡಿಲಿನ ಮಾತನ್ನು ಯಾರೂ ಎತ್ತಲಿಲ್ಲ. ಮೊದಲು ನಮ್ಮಲ್ಲೂ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರವೇ ಇತ್ತು. ಏಪ್ರಿಲ್, ಮೇ ಗುಡುಗು ಮಳೆ ಬಂದಾಗ ಪೋರ್ಟ್‌ಗಳು ಸಾಲಾಗಿ ಸುಟ್ಟುಹೋಗುತ್ತಿದ್ದವು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಫೈಬರ್ ಬಂದ ಮೇಲೆ ಆ ದಾರಿಯಲ್ಲಿ ಒಂದೂ ಸುಟ್ಟಿಲ್ಲ. ಆದರೆ ಆರ್ಮರ್ಡ್ ಕೇಬಲ್‌ನಲ್ಲಿ ಉಕ್ಕಿನ ಪದರ ಇರುತ್ತದೆ, ಅದನ್ನು ಅರ್ತ್ ಮಾಡಲೇಬೇಕು. ಇಲ್ಲಿ ಬಂಡೆ, ಅಗೆಯಲು ಆಗುವುದಿಲ್ಲ, ಗೋಡೆಗುಂಟ ಜಿಐ ಪೈಪ್‌ನಲ್ಲಿ ತಂದೆವು.

ಇನ್ನೊಂದು ಅನುಭವ. ಒಂದು ದಿನ ಲಿಂಕ್ ಬಂದು ಬಂದು ಹೋಗುತ್ತಿತ್ತು. ಕೆಂಪು ಲೈಟ್ ಟೆಸ್ಟರ್ ಹಚ್ಚಿ ರೂಮಿನ ದೀಪ ಆರಿಸಿದೆ. ರ‍್ಯಾಕ್ ಬಾಗಿಲಿನ ಹಿಂಜಿನಲ್ಲಿ ಸಿಕ್ಕಿಕೊಂಡಿದ್ದ ಹಳದಿ ಪ್ಯಾಚ್ ಕಾರ್ಡ್ (ಚಿಕ್ಕ ಫೈಬರ್ ಕೇಬಲ್) ಆ ಮಡಿಕೆಯಲ್ಲಿ ಕೆಂಡದ ಹಾಗೆ ಹೊಳೆಯುತ್ತಿತ್ತು. ಬೆಳಕೆಲ್ಲ ಅಲ್ಲೇ ಸೋರುತ್ತಿತ್ತು. ಕಾರ್ಡ್ ಬದಲಿಸಿ ಅಗಲವಾಗಿ ಸುತ್ತಿಟ್ಟ ಮೇಲೆ ಸರಿಹೋಯಿತು.

ಬಿ ಬ್ಲಾಕ್ ಹುಡುಗ

ಎರಡೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮನವಿಗೆ ಒಪ್ಪಿದರು, ಹೋದ ವಾರ ಫೈಬರ್ ಬಂತು. ಅಣ್ಣ ಹೇಳಿದಂತೆ 12 ಕೋರ್ ಹಾಕಿಸಿದ್ದಾರೆ. ಈಗ ಐಪರ್ಫ್‌ನಲ್ಲಿ 940 ಬರುತ್ತಿದೆ. ನಿನ್ನೆ ರಾತ್ರಿ ಒಂಬತ್ತಕ್ಕೆ ರೂಮ್‌ಮೇಟ್ ಊರಿಗೆ ವಿಡಿಯೋ ಕಾಲ್ ಮಾಡಿದ, ಅವನ ಅಮ್ಮನ ಮುಖ ಒಂದು ಸಲವೂ ನಿಲ್ಲಲಿಲ್ಲ, ನನಗೇ ಖುಷಿಯಾಯಿತು. ಮೂರನೇ ಮಹಡಿಯಲ್ಲಿ ಮಾತ್ರ ಇನ್ನೂ ನಿಧಾನ.

ಕೋಟೆ ಕೆಳಗಿನವಳು, ಚಿತ್ರದುರ್ಗ

ತುಂಬಾ ಸಂತೋಷ. ಮೂರನೇ ಮಹಡಿಯಲ್ಲಿ ಎಷ್ಟು ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಪೆಟ್ಟಿಗೆ) ಇವೆ? 2.4 ಗಿಗಾಹರ್ಟ್ಸ್ ಮಾತ್ರವಾ? ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6, 11. ಎಲ್ಲವೂ ಒಂದೇ ಚಾನೆಲ್‌ನಲ್ಲಿದ್ದರೆ ಫೈಬರ್ ಏನೂ ಮಾಡಲಾಗದು. ಫೋನ್‌ನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ಕಾರಿಡಾರ್ ಉದ್ದಕ್ಕೂ ನಡೆದು, ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ, ನೋಡೋಣ.